1950ರ ಸ್ಪೀಡ್ ಟ್ವಿನ್: ಕಪ್ಪು ಪೌಡರ್ ಕೋಟ್ ಕೆಳಗೆ ಕೆಂಪು ಕಾಣಿಸ್ತು, ಈಗ ಫ್ಯಾಕ್ಟರಿ ಫಿನಿಶ್‌ಗೆ ಹೇಗೆ ವಾಪಸ್ ತರೋದು?

ಟ್ವಿನ್‌ಪ್ರಿಯ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಆದ್ರೆ ಪೂರ್ತಿ ಹೇಳದೆ ಕೇಳಿದ್ರೆ ನಿಮಗೂ ಉತ್ತರ ಕೊಡೋದು ಕಷ್ಟ ಅಂತ ಎಲ್ಲಾ ಬರೀತಿದೀನಿ.

ಕೆಲಸದ ಮೇಲೆ ಇಂಗ್ಲೆಂಡಿನ ಮಿಡ್ಲ್ಯಾಂಡ್ಸ್ ಕಡೆಗೆ ಬಂದು ಆರು ವರ್ಷ ಆಯ್ತು. ಟ್ರಯಂಫ್ ಮೋಟಾರ್‌ಸೈಕಲ್ ಫ್ಯಾಕ್ಟರಿ ಇದ್ದ ಮೆರಿಡನ್ ನಮಗೆ ಹತ್ರಾನೇ, ಒಂದು ಭಾನುವಾರ ಹೋಗಿ ನೋಡ್ಕೊಂಡು ಬಂದೆ, ಫ್ಯಾಕ್ಟರಿ 1983ರಲ್ಲಿ ಮುಚ್ಚಿ ಆಮೇಲೆ ಕೆಡವಿ ಮನೆಗಳನ್ನ ಕಟ್ಟಿದಾರೆ, ಒಂದು ಬೀದಿಗೆ ಬಾನ್‌ವಿಲ್ ಕ್ಲೋಸ್ ಅಂತ ಹೆಸರು ಉಳಿದಿದೆ. ಆ ಬೋರ್ಡ್ ಮುಂದೆ ನಿಂತಾಗ್ಲೇ ಮನಸ್ಸಲ್ಲಿ ಕೂತಿದ್ದು, ಇಲ್ಲಿ ತಯಾರಾದ ಒಂದು ಗಾಡಿ ನನ್ನ ಕೈಯಿಂದ ಸರಿ ಮಾಡ್ಬೇಕು ಅಂತ.

ಹೋದ ಚಳಿಗಾಲದಲ್ಲಿ ಒಂದು ಟ್ರಯಂಫ್ 5ಟಿ ಸ್ಪೀಡ್ ಟ್ವಿನ್ ಸಿಕ್ತು. ಎಂಜಿನ್ ನಂಬರ್ ಕೊನೆಗೆ ಎನ್ ಅಕ್ಷರ ಇದೆ, ಅಂದ್ರೆ 1950ರ ಸೀಸನ್ನು. ರಿಜಿಡ್ ಫ್ರೇಮ್ (ಫ್ರೇಮಿಗೆ ಹಿಂದೆ ಸಸ್ಪೆನ್ಷನ್ ಇಲ್ಲ), ಹಿಂದೆ ಸ್ಪ್ರಂಗ್ ಹಬ್ (ಚಕ್ರದ ಹಬ್ ಒಳಗೇ ಸ್ಪ್ರಿಂಗು), ಮುಂದೆ ನೆಸೆಲ್ (ಹೆಡ್‌ಲೈಟು ಮೀಟರು ಕೂರೋ ತಗಡಿನ ಕವಚ). ಮಾರಿದವರು "ಕಂಪ್ಲೀಟ್ ರೆಸ್ಟೋರ್ ಆಗಿದೆ" ಅಂದ್ರು, ನೋಡೋಕೆ ಥಳಥಳ ಅಂತಿತ್ತು. ಫ್ರೇಮು ಮಡ್‌ಗಾರ್ಡು ಫೋರ್ಕು ಎಲ್ಲಾ ಕಪ್ಪು ಪೌಡರ್ ಕೋಟು (ಪುಡಿ ಬಣ್ಣ ಒಲೆಯಲ್ಲಿ ಕರಗಿಸಿ ಅಂಟಿಸೋದು), ಟ್ಯಾಂಕಿಗೆ ಕ್ರೋಮ್ ಮಾಡಿ ಬದಿಗೆ ಕೆಂಪು ಪ್ಯಾನೆಲ್ಲು, ನಟ್ಟು ಬೋಲ್ಟು ಎಲ್ಲಾ ಕನ್ನಡಿ ಥರ ಪಾಲಿಶ್ ಮಾಡಿದ ಸ್ಟೇನ್‌ಲೆಸ್ಸು, ಕ್ರ್ಯಾಂಕ್‌ಕೇಸಿಗೂ ಬಫ್ ಹೊಡೆದು ಅಕ್ಷರಗಳೇ ಸವೆದು ಹೋಗಿವೆ. ಆಗ ಗೊತ್ತಾಗ್ಲಿಲ್ಲ. ಹಳೇ ಬ್ರೋಷರ್ ಫೋಟೋಗಳನ್ನ, ಮುಟ್ಟದೆ ಉಳಿಸಿಕೊಂಡಿರೋ ಒಂದೆರಡು ಗಾಡಿಗಳನ್ನ ಎದುರಿಗೆ ನೋಡಿದ ಮೇಲೆ ನನ್ನದು ಯಾಕೋ ಬೇರೆ ಯಾರದೋ ಬಟ್ಟೆ ಹಾಕ್ಕೊಂಡ ಹಾಗೆ ಕಾಣ್ತಿದೆ.

ಹೋದ ವಾರ ಹ್ಯಾಂಡಲ್ ತಿರುಗೋ ಕಡೆಯ ಹೆಡ್‌ಸ್ಟಾಕ್ ಬೇರಿಂಗ್ ಬಿಚ್ಚಿದೆ, ಕಪ್ ಕೂರೋ ಜಾಗದಲ್ಲೂ ಪೌಡರ್ ಕೋಟ್ ತುಂಬಿದ್ದಾರೆ. ಅದನ್ನ ಕೆರೆದಾಗ ಒಳಗಡೆ ಉಗುರಿನಷ್ಟು ಜಾಗದಲ್ಲಿ ಕಡು ಕೆಂಪು ಕಾಣಿಸ್ತು. ಅಮರಾಂತ್ ರೆಡ್, ಸ್ಪೀಡ್ ಟ್ವಿನ್‌ಗೆ ಫ್ಯಾಕ್ಟರಿಯವರು ಹೊಡೀತಿದ್ದ ಬಣ್ಣ! ನಮ್ಮ ಕೆಂಪು ಹರಿವೆ ದಂಟಿನ ಜಾತಿದೇ ಹೆಸರು ಅದು, ಬಣ್ಣಾನೂ ಆ ಸೊಪ್ಪು ಬೇಯಿಸಿದ ನೀರಿನ ಥರಾನೇ ಇದೆ, ಕೆಂಪಿಗೂ ನೇರಳೆಗೂ ಮಧ್ಯ. ಅದನ್ನ ನೋಡಿದ ಮೇಲೆ ಕಪ್ಪು ಹಾಗೇ ಬಿಡೋಕೆ ಮನಸ್ಸಾಗ್ತಿಲ್ಲ.

ಕೇಳೋದು ಇಷ್ಟು. ಒಂದು, ಆ ಶೇಡ್ ಹೇಗೆ ಹಿಡಿಯೋದು, ಡಬ್ಬಿ ಮೇಲೆ ಅಮರಾಂತ್ ಅಂತ ಬರೆದಿರೋ ಪೇಂಟ್ ಮೂರು ಕಡೆ ನೋಡಿದೆ ಮೂರೂ ಬೇರೆ ಬೇರೆ. ಎರಡು, ಸ್ಟೋವ್ ಎನಾಮಲ್ (ಒಲೆಯಲ್ಲಿ ಬೇಯಿಸೋ ಬಣ್ಣ) ಆಗ್ಲೇಬೇಕಾ, ಟೂ ಪ್ಯಾಕ್ (ಗಟ್ಟಿ ಮಾಡೋ ದ್ರವ ಬೆರೆಸಿ ಹೊಡೆಯೋ ಪೇಂಟು) ಸಾಕಾ. ಮೂರು, ಬೋಲ್ಟುಗಳಿಗೆ ಆಗ ಕ್ಯಾಡ್ಮಿಯಮ್ ಲೇಪ ಇತ್ತು ಅಂತಾರೆ, ಈಗ ಏನು ಮಾಡ್ಬೇಕು. ಟ್ಯಾಂಕ್ ಕ್ರೋಮ್ ಇರೋದು ಸರೀನಾ ಅನ್ನೋದೂ ಹೇಳಿ, ನನಗೆ ಅದರ ಮೇಲೆ ಅನುಮಾನ.

ಹಳೇ ಸ್ಪ್ಯಾನರ್

ಟ್ಯಾಂಕಿಂದ ಶುರು ಮಾಡ್ತೀನಿ ಯಾಕಂದ್ರೆ ನಿಮ್ಮ ಅನುಮಾನ ಸರಿ. ಯುದ್ಧಕ್ಕೆ ಮುಂಚೆಯಿಂದ 1949ರ ಸೀಸನ್ ತನಕ ಸ್ಪೀಡ್ ಟ್ವಿನ್ ಟ್ಯಾಂಕು ಕ್ರೋಮು, ಅದರ ಮೇಲೆ ಕೆಂಪು ಪ್ಯಾನೆಲ್ಲು, ಅಂಚಿಗೆ ಚಿನ್ನದ ಗೆರೆ. 1950ಕ್ಕೆ ಅದನ್ನ ಪೂರ್ತಿ ಬಿಟ್ಟು ಇಡೀ ಟ್ಯಾಂಕಿಗೆ ಬಣ್ಣ ಹೊಡೆದು ಬದಿಗೆ ನಾಲ್ಕು ಅಡ್ಡಗೆರೆಯ ಕ್ರೋಮ್ ಬ್ಯಾಡ್ಜ್ ಹಾಕಿದ್ರು. ಹಾಗಾಗಿ ನಿಮ್ಮ ಗಾಡಿಗೆ ಕ್ರೋಮ್ ಟ್ಯಾಂಕ್ ಒಂದು ವರ್ಷ ಹಿಂದಿನದು. ಇಲ್ಲಿ ಒಂದು ಮಾತು ನೆನಪಿಡಿ, ಫ್ಯಾಕ್ಟರಿ ಸೀಸನ್ ಜನವರಿಗೆ ಶುರು ಆಗ್ತಿರ್ಲಿಲ್ಲ, 1950ರ ಮಾಡೆಲ್‌ಗಳು 1949ರ ಶರತ್ಕಾಲದಿಂದಾನೇ ಹೊರಗೆ ಬರ್ತಿದ್ವು, ಲಾಗ್‌ಬುಕ್ಕಲ್ಲಿ (ಗಾಡಿಯ ನೋಂದಣಿ ಪುಸ್ತಕ) 1949 ಅಂತಿದ್ರೂ ಮಾಡೆಲ್ 1950 ಆಗಿರಬಹುದು, ಪ್ರಾಯಶಃ ಹಿಂದೆ ರೆಸ್ಟೋರ್ ಮಾಡಿದವರು ತಪ್ಪಿದ್ದು ಅಲ್ಲೇ. ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್‌ನವರ ಹತ್ರ ಟ್ರಯಂಫ್ ಫ್ಯಾಕ್ಟರಿ ದಾಖಲೆಗಳಿವೆ, ಎಂಜಿನ್ ನಂಬರ್ ಕೊಟ್ಟು ಬರೀರಿ, ಗಾಡಿ ಫ್ಯಾಕ್ಟರಿಯಿಂದ ಯಾವಾಗ ಹೊರಟಿತು ಅನ್ನೋದು ತೆಗೆದುಕೊಡ್ತಾರೆ. ಬಣ್ಣದ ಡಬ್ಬಿ ತಗೊಳ್ಳೋಕೆ ಮುಂಚೆ ಆ ಕಾಗದ ಕೈಗೆ ಬರಲಿ.

ಇನ್ನು ಟ್ಯಾಂಕಿನ ಬದಿ ಬೆರಳಾಡಿಸಿ ನೋಡಿ, ಬ್ಯಾಡ್ಜ್ ಸ್ಕ್ರೂ ಹಿಡಿಯೋ ಜಾಗಗಳು ಮುಚ್ಚಿರೋ ಗುರುತು ಸಿಗತ್ತಾ ಅಂತ. ಸಿಕ್ರೆ ಅದು ನಿಮ್ಮದೇ ಟ್ಯಾಂಕು, ಮೇಲೆ ಕ್ರೋಮ್ ಹೊಡೆಸಿದಾರೆ. ಏನೂ ಇಲ್ದೆ ನುಣ್ಣಗಿದ್ರೆ ಅದು ನಿಜವಾಗ್ಲೂ 1949ರ ಟ್ಯಾಂಕ್ ಇರಬಹುದು. ಅದಕ್ಕೆ ಹಿಂದಿನ ಟ್ಯಾಂಕುಗಳ ಮೇಲೆ ಮೀಟರ್ ಪ್ಯಾನೆಲ್ ಕೂರಿಸೋ ಜಾಗ ಇರ್ತಿತ್ತು, ನೆಸೆಲ್ ಬಂದ ಮೇಲೆ ಮೀಟರ್ ಮೇಲಕ್ಕೆ ಹೋಯ್ತು, ಹಾಗಾಗಿ ಮೇಲ್ಭಾಗ ಸಪಾಟು ಮತ್ತೆ ಕ್ರೋಮು ಎರಡೂ ಇರೋ ಟ್ಯಾಂಕಿಗೆ ಹುಡುಕೋ ಜನ ಇದಾರೆ. ಅದರ ಮೇಲೆ ಬಣ್ಣ ಹೊಡೀಬೇಡಿ ದಯವಿಟ್ಟು, 1949ರ ಗಾಡಿ ಇರೋರ ಜೊತೆ ಅದಲು ಬದಲು ಮಾಡ್ಕೊಳ್ಳಿ.

ಶೇಡ್ ವಿಷಯ. ಡಬ್ಬಿ ಮೇಲಿನ ಹೆಸರು ನಂಬಬೇಡಿ, ನಿಮ್ಮ ಗಾಡೀನೇ ಸಾಕ್ಷಿ. ಬಿಸಿಲು ಬೀಳದ ಜಾಗ ಹುಡುಕಬೇಕು: ಟೂಲ್‌ಬಾಕ್ಸ್ ಮುಚ್ಚಳದ ಒಳಗೆ, ಆಯಿಲ್ ಟ್ಯಾಂಕ್ ಬಿಗಿಯೋ ಪಟ್ಟಿ ಕೆಳಗೆ, ನೆಸೆಲ್ ಒಳಭಾಗ, ಟ್ಯಾಂಕ್ ತಳ, ಮೊಣಕಾಲು ರಬ್ಬರಿನ ಹಿಂದೆ, ನಂಬರ್ ಪ್ಲೇಟ್ ಹಿಂದೆ. ಪೌಡರ್ ಕೋಟ್ ಹೊಡೆಯೋರು ಫ್ರೇಮನ್ನ ಬ್ಲಾಸ್ಟ್ ಮಾಡಿ, ಅಂದ್ರೆ ಮರಳು ಚಿಮ್ಮಿಸಿ ಹಳೇ ಬಣ್ಣ ತೆಗೆದು, ಹೊಡೀತಾರೆ ಸರಿ, ಆದ್ರೆ ಸಣ್ಣ ಸಣ್ಣ ತಗಡಿನ ಭಾಗಗಳನ್ನ ಎಷ್ಟೋ ಸಲ ಮೇಲ್ಮೇಲೆ ಉಜ್ಜಿ ಸ್ಪ್ರೇ ಹೊಡೆದು ಬಿಟ್ಟಿರ್ತಾರೆ. ಅಂಥ ಜಾಗ ಸಿಕ್ರೆ 1500 ಆಮೇಲೆ 2000 ನಂಬರ್ ವಾಟರ್ ಪೇಪರ್ ತಗೊಂಡು ನೀರು ಹಾಕಿ ಬೆರಳ ತುದಿಯಷ್ಟು ಜಾಗ ವೃತ್ತಾಕಾರವಾಗಿ ನಿಧಾನಕ್ಕೆ ಉಜ್ಜಿ. ಮರದ ಕಾಂಡ ಕೊಯ್ದಾಗ ಉಂಗುರಗಳು ಕಾಣ್ತಾವಲ್ಲ, ಹಾಗೆ ಒಂದೊಂದು ಪದರ ಒಂದೊಂದು ಬಳೆಯಾಗಿ ಕಾಣತ್ತೆ, ಕೊನೆ ಬಳೆ ಕಬ್ಬಿಣ, ಅದರ ಹಿಂದಿನದು ಪ್ರೈಮರ್, ಅದರ ಮೇಲಿನದು ಫ್ಯಾಕ್ಟರಿ ಬಣ್ಣ. ಆ ಕಾಲದ ಪೇಂಟಲ್ಲಿ ಸೀಸ ಇರತ್ತೆ, ನೀರು ಹಾಕದೆ ಉಜ್ಜಬೇಡಿ, ಮಾಸ್ಕ್ ಹಾಕಿ, ಬಂದ ರಾಡಿ ಒರೆಸಿ ಮುಚ್ಚಿ ಎಸೀರಿ.

ಸಿಕ್ಕ ಬಣ್ಣಕ್ಕೆ ಪೇಂಟ್ ಕಲಸಿಸಿದ ಮೇಲೆ ಒಂದು ತಗಡಿಗೆ ಹೊಡೆದು ಹಗಲು ಬೆಳಕಲ್ಲೂ ನೋಡಿ, ಬಲ್ಬ್ ಬೆಳಕಲ್ಲೂ ನೋಡಿ. ಒಂದರಲ್ಲಿ ಹೊಂದಿ ಇನ್ನೊಂದರಲ್ಲಿ ಹೊಂದದೆ ಹೋಗೋದು ಈ ನೇರಳೆ ಕಡೆ ವಾಲೋ ಕೆಂಪುಗಳಲ್ಲಿ ಜಾಸ್ತಿ, ಯಾಕಂದ್ರೆ ಹಳೇ ಪಿಗ್ಮೆಂಟ್ ಬೇರೆ ಈಗಿನದು ಬೇರೆ. ಕೆಳಗಿನ ಪ್ರೈಮರ್ ಬಣ್ಣಾನೂ ಮೇಲಿನ ಕೆಂಪನ್ನ ಎಳೆಯತ್ತೆ, ಬೂದು ಪ್ರೈಮರ್ ಮೇಲೆ ಒಂಥರ, ಇಟ್ಟಿಗೆ ಕೆಂಪಿನ ಮೇಲೆ ಇನ್ನೊಂಥರ, ಹಾಗಾಗಿ ಟೆಸ್ಟ್ ತಗಡಿಗೂ ಫ್ರೇಮಿಗೂ ಒಂದೇ ಪ್ರೈಮರ್ ಇರ್ಲಿ.

ಸ್ಟೋವ್ ಎನಾಮಲ್ ಆಗ್ಲೇಬೇಕಾ ಅಂದ್ರೆ, ಮಾಡೋರು ಸಿಕ್ರೆ ಅದಕ್ಕೆ ಸಾಟಿ ಇಲ್ಲ. ತೆಳ್ಳಗೆ ಕೂರತ್ತೆ, ಒಲೆಯಲ್ಲಿ ಬೇಯಿಸಿ ಗಟ್ಟಿ ಆಗಿರತ್ತೆ, ಫ್ರೇಮಿನ ಪೈಪುಗಳು ಸೇರೋ ಲಗ್ಗುಗಳ ಎರಕದ ಒರಟು, ಬ್ರೇಜಿಂಗ್ ಅಂಚು, ಎಲ್ಲಾ ಕೆಳಗಿಂದ ಕಾಣಿಸತ್ತೆ. ಪೌಡರ್ ಕೋಟು ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪ, ಅದು ಎಲ್ಲವನ್ನೂ ಕಂಬಳಿ ಹೊದಿಸಿದ ಹಾಗೆ ಮುಚ್ಚತ್ತೆ, ಅಂಚುಗಳು ಮೊಂಡಾಗಿ ಪ್ಲಾಸ್ಟಿಕ್ ಆಟಿಕೆ ಥರ ಕಾಣತ್ತೆ. ನೋಟದ ಮಾತು ಬಿಡಿ, ಎಂಜಿನ್ ಪ್ಲೇಟ್ ಮಧ್ಯೆ ಆ ದಪ್ಪ ಸೇರ್ಕೊಂಡ್ರೆ ಬಿಗಿ ಮಾಡಿದ ಬೋಲ್ಟು ಸ್ವಲ್ಪ ದಿನಕ್ಕೆ ಸಡಿಲ ಆಗತ್ತೆ, ಕೋಟು ಅದುಮಿ ಹೋಗಿರತ್ತೆ. ವಿದ್ಯುತ್ತಿಗೆ ಅರ್ತೂ ಸಿಗಲ್ಲ.

ಸ್ಟೋವ್ ಮಾಡೋರು ಸಿಗದೆ ಇದ್ರೆ ಟೂ ಪ್ಯಾಕ್ ಹೊಡೆಸಿ, ತಪ್ಪೇನಿಲ್ಲ, ಆದ್ರೆ ಎರಡು ಷರತ್ತು. ಬಣ್ಣಾನೇ ನೇರವಾಗಿ ಹೊಳೆಯೋ ಸಿಂಗಲ್ ಸ್ಟೇಜ್ ಆಗ್ಬೇಕು, ಬೇಸ್ ಕೋಟ್ ಮೇಲೆ ಕ್ಲಿಯರ್ ಲ್ಯಾಕರ್ ಬೇಡ, ಲ್ಯಾಕರ್ ಬಿದ್ರೆ ಗಾಜಿನ ಕೆಳಗೆ ಇಟ್ಟ ಹಾಗೆ ಕಾಣತ್ತೆ, 1950ರ ಯಾವ ಗಾಡೀನೂ ಹಾಗೆ ಕಾಣ್ತಿರ್ಲಿಲ್ಲ. ಎರಡನೇದು, ಲಗ್ಗುಗಳಿಗೆ ಫಿಲ್ಲರ್ ಮೆತ್ತಿ ನುಣ್ಣಗೆ ಮಾಡೋಕೆ ಬಿಡಬೇಡಿ. ಟೂ ಪ್ಯಾಕಲ್ಲಿ ಐಸೋಸಯನೇಟ್ ಅನ್ನೋ ವಿಷ ಇರತ್ತೆ, ಸಾಮಾನ್ಯ ಮಾಸ್ಕ್ ಅದನ್ನ ತಡೆಯಲ್ಲ, ಹೊರಗಿಂದ ಗಾಳಿ ಕೊಡೋ ಮಾಸ್ಕ್ ಬೇಕು, ಹಾಗಾಗಿ ಗ್ಯಾರೇಜಲ್ಲಿ ನೀವೇ ಹೊಡೆಯೋ ಯೋಚನೆ ಇದ್ರೆ ಬಿಡಿ.

ಇನ್ನೊಂದು ಮರೆತಿದ್ದೆ. ಪೆಟ್ರೋಲ್ ಟ್ಯಾಂಕನ್ನ ಯಾರ ಒಲೆಗೂ ಕಳಿಸೋಕೆ ಮುಂಚೆ ಅದಕ್ಕೆ ಸೀಸದ ಬೆಸುಗೆಯ ರಿಪೇರಿ ಆಗಿದ್ಯಾ ನೋಡಿ. ಆ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್‌ಗೇ ಕರಗೋಕೆ ಶುರು ಆಗತ್ತೆ, ಪೌಡರ್ ಕೋಟ್ ಒಲೆ 180ರಿಂದ 200 ಡಿಗ್ರಿ ಇರತ್ತೆ. ಎಪ್ಪತ್ತು ವರ್ಷ ಓಡಿದ ಟ್ಯಾಂಕಿಗೆ ಎಲ್ಲೋ ಒಂದು ಕಡೆ ಬೆಸುಗೆ ಬಿದ್ದಿರದೆ ಇರಲ್ಲ.

ನಿಕಲ್ ತೊಟ್ಟಿ

ನಾನು ಪ್ಲೇಟಿಂಗ್ ಕೆಲಸದಲ್ಲಿ ಹನ್ನೆರಡು ವರ್ಷ ಇದ್ದವನು, ಈಗ ಬಿಟ್ಟಿದೀನಿ, ಆದ್ರೆ ಈ ವಿಷಯ ಬಂದ್ರೆ ಸುಮ್ನೆ ಇರೋಕೆ ಆಗಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಹಳೇ ಗಾಡೀಲಿ ಹೊಳೆಯೋದೆಲ್ಲ ಕ್ರೋಮಲ್ಲ. ಜನ ಅಲ್ಲೇ ಎಡವೋದು. ಎಕ್ಸಾಸ್ಟ್ ಪೈಪು, ಸೈಲೆನ್ಸರು, ಹ್ಯಾಂಡಲ್ ಬಾರು, ರಿಮ್ಮು, ಹೆಡ್‌ಲೈಟ್ ರಿಮ್ಮು, ಇಂಥ ಕಣ್ಣಿಗೆ ಬೀಳೋ ಭಾಗಕ್ಕೆ ಕ್ರೋಮು. ಬೋಲ್ಟು, ನಟ್ಟು, ವಾಷರು, ಬ್ರೇಕ್ ರಾಡು, ಸಣ್ಣ ಕ್ಲಿಪ್ಪು, ಇವಕ್ಕೆ ಕ್ಯಾಡ್ಮಿಯಮ್ಮು. ಕ್ಯಾಡ್ಮಿಯಮ್ ಕ್ರೋಮ್ ಥರ ಕಣ್ಣು ಕುಕ್ಕಲ್ಲ, ಸ್ವಲ್ಪ ಬೂದು ಬೆರೆತ ಬೆಳ್ಳಿ, ಮಂಜು ಹಿಡಿದ ಹಾಗೆ ಮೆತ್ತಗಿನ ಹೊಳಪು. ಒಂದಕ್ಕೊಂದು ಪಕ್ಕ ಇದ್ದಾಗ ಕ್ರೋಮ್ ಎದ್ದು ಕಾಣ್ತಿದ್ದಿದ್ದೇ ಸುತ್ತ ಈ ಮಂದ ಬೋಲ್ಟುಗಳು ಇದ್ದಿದ್ದಕ್ಕೆ. ಎಲ್ಲವನ್ನೂ ಪಾಲಿಶ್ ಸ್ಟೇನ್‌ಲೆಸ್ ಮಾಡಿದ್ರೆ ಗಾಡಿ ತುಂಬ ಚುಕ್ಕಿ ಚುಕ್ಕಿ ಮಿನುಗ್ತಾ ಇರತ್ತೆ, ಕಣ್ಣು ಎಲ್ಲಿ ನಿಲ್ಬೇಕು ಅಂತ ಗೊತ್ತಾಗಲ್ಲ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಹಾಕಿದ್ರೆ ತಿರುಗಿಸುವಾಗ ಒಂದಕ್ಕೊಂದು ಕಚ್ಚಿ ಹಿಡಿದುಬಿಡೋದೂ ಇದೆ, ಅಲ್ಯೂಮಿನಿಯಂ ಒಳಗೆ ಹಾಕಿ ತೇವ ಸೇರಿದ್ರೆ ಅಲ್ಯೂಮಿನಿಯಂನ ತಿನ್ನತ್ತೆ.

ಈಗ ಕ್ಯಾಡ್ಮಿಯಮ್ ಸಿಗೋದು ಕಷ್ಟ, ವಿಷ ಅದು, ವಿಮಾನದಂಥ ಕೆಲಸಕ್ಕೆ ಬಿಟ್ರೆ ಹೆಚ್ಚು ಕಡೆ ನಿಂತಿದೆ. ನೀವು ಎಲ್ಲಾದ್ರೂ ಹಳೇ ಕ್ಯಾಡ್ ಬೋಲ್ಟ್ ಕಂಡ್ರೆ ಅದನ್ನ ಗ್ರೈಂಡ್ ಮಾಡಬೇಡಿ, ಗ್ಯಾಸ್ ಟಾರ್ಚ್ ಅಂತೂ ಹಿಡೀಲೇಬೇಡಿ, ಆ ಹೊಗೆ ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಬದಲಿಗೆ ಜಿಂಕ್ ಮಾಡಿಸಿ, ಆದ್ರೆ ಪ್ಲೇಟರ್‌ಗೆ "ಜಿಂಕ್ ಮಾಡಿ" ಅಂತ ಅಷ್ಟೇ ಹೇಳಿ ಬರಬೇಡಿ. ಹಳದಿ ಕಾಮನಬಿಲ್ಲು ಮಿಂಚೋ ಪ್ಯಾಸಿವೇಟ್ (ಜಿಂಕ್ ಮೇಲೆ ರಕ್ಷಣೆಗೆ ಕೊಡೋ ತೆಳು ಪದರ) ಬೇಡ, ಬಣ್ಣ ಇಲ್ಲದ ಪ್ಯಾಸಿವೇಟ್ ಬೇಕು ಅಂತ ಬರೆದು ಕೊಡಿ. ಹೊಳಪು ಎಷ್ಟು ಬರತ್ತೆ ಅನ್ನೋದರಲ್ಲಿ ಅರ್ಧ ಕೆಳಗಿನ ಲೋಹ ಹೇಗಿದೆ ಅನ್ನೋದರ ಮೇಲೆ, ಹಾಗಾಗಿ ಬೋಲ್ಟುಗಳನ್ನ ನಯವಾದ ಗ್ಲಾಸ್ ಬೀಡಲ್ಲಿ ಬ್ಲಾಸ್ಟ್ ಮಾಡಿ ಕೊಟ್ರೆ ಜಿಂಕ್ ಸ್ಯಾಟಿನ್ ಆಗಿ ಕೂರತ್ತೆ, ಕ್ಯಾಡ್ಮಿಯಮ್‌ಗೆ ತುಂಬ ಹತ್ರ. ಇನ್ನೂ ಜಾಸ್ತಿ ಹೊಳೆದ್ರೆ ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವುಲ್ ಒಂದೇ ಸಲ ಹಗುರಕ್ಕೆ ಆಡಿಸಿ, ಜಾಸ್ತಿ ಉಜ್ಜಿದ್ರೆ ಮೇಲಿನ ಪ್ಯಾಸಿವೇಟ್ ಹೋಗತ್ತೆ. ದಪ್ಪ 5ರಿಂದ 8 ಮೈಕ್ರಾನ್ ಒಳಗೆ ಇರ್ಲಿ, ಇಲ್ದಿದ್ರೆ ಈ ಗಾಡಿಗಳ ಇಂಚಿಗೆ 26 ಹಲ್ಲಿನ ಸೈಕಲ್ ಥ್ರೆಡ್ಡಲ್ಲಿ ನಟ್ಟು ಅರ್ಧಕ್ಕೇ ನಿಲ್ಲತ್ತೆ.

ಮುಖ್ಯವಾದ ಮಾತು, ಇದನ್ನ ಎರಡು ಸಲ ಓದಿ. ಹೈ ಟೆನ್ಸೈಲ್ ಬೋಲ್ಟು (ಹೆಚ್ಚು ಎಳೆತ ತಡೆಯೋ ಗಟ್ಟಿ ಉಕ್ಕಿನವು), ಸ್ಪ್ರಿಂಗು, ಇವನ್ನ ಆಸಿಡ್ಡಲ್ಲಿ ಅದ್ದಿ ಪ್ಲೇಟ್ ಮಾಡಿದಾಗ ಹೈಡ್ರೋಜನ್ ಉಕ್ಕಿನ ಒಳಗೆ ಹೋಗಿ ಕೂರತ್ತೆ, ಆಮೇಲೆ ಒಂದು ದಿನ ಏನೂ ಸೂಚನೆ ಕೊಡದೆ ಬೋಲ್ಟು ಗಾಜಿನ ಥರ ಮುರಿಯತ್ತೆ. ಪ್ಲೇಟ್ ಆದ ಕೆಲವೇ ಗಂಟೆ ಒಳಗೆ ಸುಮಾರು 190ರಿಂದ 220 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಕ್ ಮಾಡಿದ್ರೆ ಆ ಹೈಡ್ರೋಜನ್ ಹೊರಗೆ ಹೋಗತ್ತೆ. ಮಾಡ್ತೀರಾ ಅಂತ ಕೇಳಿ, ಪ್ಲೇಟರ್ ತಡವರಿಸಿದ್ರೆ ಅಲ್ಲಿ ಕೊಡಬೇಡಿ. ಕನೆಕ್ಟಿಂಗ್ ರಾಡ್ ಬೋಲ್ಟುಗಳಿಗಂತೂ ಪ್ಲೇಟಿಂಗೇ ಬೇಡ. ನನ್ನ ಸ್ವಂತ ಗಾಡಿಯ ಫೋರ್ಕ್ ಸ್ಪ್ರಿಂಗ್ ಒಂದನ್ನ ಬೇರೆ ಕಡೆ ಕೊಟ್ಟು ಮಾಡಿಸಿದ್ದೆ, ಬೇಕ್ ಮಾಡಿದೀವಿ ಅಂದ್ರು, ಫಿಟ್ ಮಾಡಿ ಮೂರನೇ ದಿನ ಗ್ಯಾರೇಜಲ್ಲಿ ನಿಂತ ಜಾಗದಲ್ಲೇ ಎರಡು ತುಂಡಾಯ್ತು. ರಸ್ತೆ ಮೇಲೆ ಆಗಲಿಲ್ಲ ಅನ್ನೋದೇ ಪುಣ್ಯ.

ಕ್ರೋಮ್ ಬಗ್ಗೆ. ಮೇಲಿನ ಕ್ರೋಮ್ ಪದರ ಒಂದು ಮೈಕ್ರಾನ್ನೂ ಇರಲ್ಲ, ಹೊಳಪು ಕೊಡೋದು, ತುಕ್ಕು ತಡೆಯೋದು ಕೆಳಗಿನ ನಿಕಲ್ಲು. ಯಾರಾದ್ರೂ ಕಡಿಮೆ ದುಡ್ಡಿಗೆ ಮಾಡ್ಕೊಡ್ತೀನಿ ಅಂದ್ರೆ ಉಳಿಸೋದು ಆ ನಿಕಲ್ಲಲ್ಲೇ. ಕೊಡೋಕೆ ಮುಂಚೆ ಪ್ರತಿ ಭಾಗದ ಫೋಟೋ ತೆಗೆದು "ಈ ಅಂಚು, ಈ ಅಕ್ಷರ ಉಳೀಬೇಕು" ಅಂತ ಗುರುತು ಮಾಡಿ ಕೊಡಿ, ಯಾಕಂದ್ರೆ ಹಾಳಾಗೋದು ತೊಟ್ಟಿಯಲ್ಲಿ ಅಲ್ಲ, ಅದಕ್ಕೆ ಮುಂಚೆ ಬಫಿಂಗ್ ಚಕ್ರದಲ್ಲಿ. ಈಗ ಟ್ರೈವೇಲೆಂಟ್ ಕ್ರೋಮ್ ಅಂತ ಬರತ್ತೆ, ಕೆಲಸಗಾರರ ಆರೋಗ್ಯಕ್ಕೆ ಅದು ಒಳ್ಳೇದು, ಆದ್ರೆ ಹಳೇ ಹೆಕ್ಸಾವೇಲೆಂಟ್ ಕ್ರೋಮಿನ ನೀಲಿ ಛಾಯೆ ಅದರಲ್ಲಿ ಅಷ್ಟು ಬರಲ್ಲ, ಸ್ವಲ್ಪ ಕಪ್ಪಗೆ ಕಾಣತ್ತೆ. ಒಂದೇ ಗಾಡಿಗೆ ಅರ್ಧ ಅದು ಅರ್ಧ ಇದು ಮಾಡಿಸಬೇಡಿ, ಎಲ್ಲಾ ಭಾಗ ಒಂದೇ ಕಡೆ ಒಂದೇ ಸಲ ಕೊಡಿ.

ಕ್ರ್ಯಾಂಕ್‌ಕೇಸ್ ಬಗ್ಗೆ ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಪಾಲಿಶ್ ಇದ್ದಿದ್ದು ಟೈಮಿಂಗ್ ಕವರು, ಪ್ರೈಮರಿ ಕವರು, ಗೇರ್‌ಬಾಕ್ಸ್ ಹೊರಗಿನ ಕವರಿಗೆ. ಕ್ರ್ಯಾಂಕ್‌ಕೇಸು ಎರಕದಿಂದ ಬಂದ ಹಾಗೇ. ಬಫ್ ಆಗಿರೋದಕ್ಕೆ ವೇಪರ್ ಬ್ಲಾಸ್ಟ್ ಮಾಡಿಸಿದ್ರೆ ಮಂದ ಸ್ಯಾಟಿನ್ ಬರತ್ತೆ, ನೀರಿನ ಜೊತೆ ಬೀಡ್ ಹೋಗೋದ್ರಿಂದ ಮೇಲ್ಮೈ ಮುಚ್ಚಿಕೊಳ್ಳತ್ತೆ, ಒಣ ಬ್ಲಾಸ್ಟ್ ಥರ ಆಯಿಲ್ ಹೀರಿ ಕಪ್ಪಾಗಲ್ಲ. ಎಂಜಿನ್ ಪೂರ್ತಿ ಬಿಚ್ಚಿದಾಗ ಮಾತ್ರ ಮಾಡಿಸಿ, ಆಯಿಲ್ ದಾರಿಗಳ ಪ್ಲಗ್ ತೆಗೆದು ಒಂದೊಂದನ್ನೂ ತೊಳೆದು ಗಾಳಿ ಹೊಡೀರಿ. ಒಂದು ಗಾಜಿನ ಮಣಿ ಒಳಗೆ ಉಳಿದ್ರೆ ಬಿಗ್ ಎಂಡ್ ಬೇರಿಂಗ್ ಕಥೆ ಮುಗೀತು.

ಟ್ವಿನ್‌ಪ್ರಿಯ

ಇಬ್ರಿಗೂ ತುಂಬಾ ಥ್ಯಾಂಕ್ಸ್, ಪ್ರಿಂಟ್ ತೆಗೆದು ಬೆಂಚ್ ಮೇಲೆ ಅಂಟಿಸಿದೀನಿ.

ಶನಿವಾರ ಇಡೀ ದಿನ ಹುಡುಕಿದೆ. ಟ್ಯಾಂಕ್ ಬದಿ ನುಣ್ಣಗಿದೆ, ಬ್ಯಾಡ್ಜ್ ಸ್ಕ್ರೂ ಗುರುತೇ ಇಲ್ಲ, ಮೇಲ್ಭಾಗ ಸಪಾಟು, ಅಂದ್ರೆ ಹಳೇ ಸ್ಪ್ಯಾನರ್ ಹೇಳಿದ ಹಾಗೆ 1949ರ ಟ್ಯಾಂಕೇ ಅನ್ಸತ್ತೆ. ಅದನ್ನ ಬಟ್ಟೆ ಸುತ್ತಿ ಎತ್ತಿಟ್ಟೆ.

ಆಮೇಲೆ ಆಯಿಲ್ ಟ್ಯಾಂಕು. ಅದರ ಮೇಲಿನ ಕಪ್ಪು ಪೌಡರ್ ಕೋಟ್ ಅಲ್ಲ, ಮಾಮೂಲಿ ಸ್ಪ್ರೇ ಪೇಂಟು! ಒಂದು ಮೂಲೆ ಉಗುರಲ್ಲಿ ಎಬ್ಬಿಸಿದ್ರೆ ಸಿಪ್ಪೆ ಥರ ಎದ್ದು ಬಂತು, ಪ್ಲಾಸ್ಟಿಕ್ ಸ್ಕ್ರೇಪರ್ ಇಟ್ಕೊಂಡು ನಾಲ್ಕು ಗಂಟೆ ಕೂತು ಒಂದು ಬದಿ ಪೂರ್ತಿ ತೆಗೆದೆ. ಕೆಳಗೆ ಫ್ಯಾಕ್ಟರಿ ಕೆಂಪು ಮುಕ್ಕಾಲು ಭಾಗ ಹಾಗೇ ಇದೆ. ಫಿಲ್ಲರ್ ಬಾಯಿ ಸುತ್ತ ಹೋಗಿದೆ, ಸವಾರನ ಕಾಲು ತಾಗೋ ಜಾಗದಲ್ಲಿ ಸವೆದು ಕಬ್ಬಿಣ ಕಾಣತ್ತೆ. ಪಟ್ಟಿ ಕೆಳಗಿನ ಕೆಂಪು ಒಂದು ಬಣ್ಣ, ಹೊರಗಿನದು ಅದಕ್ಕಿಂತ ಕಂದು. ಟೂಲ್‌ಬಾಕ್ಸೂ ಹಾಗೇ. ಮೊದಲ್ನೇ ಓನರ್ ಕಾಲು ಉಜ್ಜಿ ಉಜ್ಜಿ ಸವೆಸಿದ ಜಾಗ ಅದು, ಅದರ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಕೂತಿದ್ದೆ.

ಈಗ ಹೊಸ ಪ್ರಶ್ನೆ. ಇವೆರಡನ್ನೂ ಬಣ್ಣ ಹೊಡೆಸೋದಾ ಹಾಗೇ ಬಿಡೋದಾ? ಬಿಟ್ರೆ ಹೊಸ ಫ್ರೇಮ್ ಪಕ್ಕ ತೇಪೆ ಹಾಕಿದ ಹಾಗೆ ಕಾಣಲ್ವಾ? ಫ್ರೇಮ್ ಬಣ್ಣ ಪಟ್ಟಿ ಕೆಳಗಿನದಕ್ಕೆ ಹೊಂದಿಸೋದಾ, ಬಾಡಿರೋದಕ್ಕಾ?

ಎಂ20 ಸವಾರ

ದಯವಿಟ್ಟು ಮುಟ್ಟಬೇಡಿ. ಆಯಿಲ್ ಟ್ಯಾಂಕು, ಟೂಲ್‌ಬಾಕ್ಸ್ ಎರಡನ್ನೂ.

ನನ್ನ ಹತ್ರ ಯುದ್ಧಕಾಲದ ಬಿಎಸ್‌ಎ ಎಂ20 ಮಿಲಿಟರಿ ಬೈಕ್ ಇದೆ, ಅದರಲ್ಲಿ ನಾನು ಮಾಡಿದ ತಪ್ಪು ಹೇಳ್ತೀನಿ. ಅದು ನನ್ನ ಕೈಗೆ ಬಂದಾಗ ಮೇಲೆ ಹಸಿರು ಹೌಸ್ ಪೇಂಟ್ ಇತ್ತು. ಮಿಲಿಟರಿ ಗಾಡಿ ಅಂದ್ರೆ ಆಲಿವ್ ಹಸಿರು ಅಂದ್ಕೊಂಡು ಎಲ್ಲಾ ಬ್ಲಾಸ್ಟಿಗೆ ಕಳಿಸಿ ಹಸಿರು ಹೊಡೆಸಿದೆ. ಆಮೇಲೆ ತಿಳಿದಿದ್ದು, ಬ್ರಿಟಿಷ್ ಸೇನೆ ಯುದ್ಧದ ಶುರುವಲ್ಲಿ ಖಾಕಿ ಗ್ರೀನ್ ನಂಬರ್ 3 ಬಳಸ್ತಿತ್ತು, ಮಧ್ಯದಲ್ಲಿ ಎಸ್‌ಸಿಸಿ 2 ಅನ್ನೋ ಕಂದು ಬಣ್ಣ, 1944ರಿಂದ ಎಸ್‌ಸಿಸಿ 15 ಆಲಿವ್ ಡ್ರ್ಯಾಬ್ ಬಂತು. ನನ್ನದು ಮಧ್ಯದ ವರ್ಷದ್ದು, ಅಂದ್ರೆ ಕಂದು ಇರಬೇಕಾಗಿತ್ತು. ಬ್ಲಾಸ್ಟ್ ಮಾಡಿದವರು ತೆಗೆದಿಟ್ಟಿದ್ದ ಒಂದು ಫೋಟೋದಲ್ಲಿ ಹಸಿರಿನ ಕೆಳಗೆ ಕಂದು ಚೆನ್ನಾಗೇ ಕಾಣತ್ತೆ, ಮಡ್‌ಗಾರ್ಡ್ ಮೇಲೆ ಅರ್ಧಂಬರ್ಧ ಒಂದು ಬಿಳಿ ಸಂಖ್ಯೆಯೂ ಇತ್ತು. ಅದು ಯಾವ ಘಟಕದ ಗಾಡಿ ಅಂತ ಹೇಳಬಹುದಾಗಿದ್ದ ಒಂದೇ ಸಾಕ್ಷಿ ಅದು. ಮರಳಿನ ಜೊತೆ ಹೋಯ್ತು. ಬಣ್ಣ ಮತ್ತೆ ಹೊಡೆಸ್ದೆ, ಸರಿಯಾದ ಕಂದು, ಆದ್ರೆ ಆ ಸಂಖ್ಯೆ ಎಲ್ಲಿಂದ ತರ್ಲಿ.

ನಿಮ್ಮ ಆಯಿಲ್ ಟ್ಯಾಂಕ್ ಮೇಲಿರೋದು ಮೆರಿಡನ್ನಲ್ಲಿ ಹೊಡೆದ ಬಣ್ಣ. ಇನ್ನೊಂದು ಸಲ ಅದನ್ನ ಯಾರೂ ಹೊಡೆಯೋಕೆ ಆಗಲ್ಲ. ಸಾಬೂನು ನೀರಲ್ಲಿ ಒರೆಸಿ, ಒಣಗಿದ ಮೇಲೆ ಬರೀ ಮೇಣ ಹಚ್ಚಿ, ಸವೆದ ಕಬ್ಬಿಣದ ಮೇಲೂ ಮೇಣಾನೇ ಹಚ್ಚಿ, ತುಕ್ಕು ಮುಂದೆ ಹೋಗಲ್ಲ. ಕಟಿಂಗ್ ಕಾಂಪೌಂಡ್ ಹಾಕಬೇಡಿ, ಹಳೇ ಪದರ ತುಂಬಾ ತೆಳ್ಳಗಿರತ್ತೆ, ಎರಡು ನಿಮಿಷಕ್ಕೆ ಪ್ರೈಮರ್ ಕಾಣತ್ತೆ. ಉಳಿದ ಕಪ್ಪನ್ನ ಕೆಮಿಕಲ್ ಸ್ಟ್ರಿಪ್ಪರ್ ಇಲ್ದೆ ಹೀಗೇ ಕೈಯಲ್ಲೇ ತೆಗೀರಿ, ಎಷ್ಟು ದಿನ ಹಿಡಿದ್ರೂ ಪರವಾಗಿಲ್ಲ.

ಫ್ರೇಮನ್ನ ಬಾಡಿರೋ ಬಣ್ಣಕ್ಕೆ ಹೊಂದಿಸಿದ್ರೆ ಇಡೀ ಗಾಡಿ ಒಂದೇ ವಯಸ್ಸಿನ ಹಾಗೆ ಕಾಣತ್ತೆ. ನನ್ನ ಮನಸ್ಸು ಆ ಕಡೆ.

ಹಳೇ ಸ್ಪ್ಯಾನರ್

ಆಯಿಲ್ ಟ್ಯಾಂಕ್ ಮುಟ್ಟಬೇಡಿ ಅನ್ನೋದಕ್ಕೆ ನಂದೂ ಪೂರ್ತಿ ಒಪ್ಪಿಗೆ, ಹೀಗೆ ಉಳಿದಿರತ್ತೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ, ಓದಿ ಖುಷಿ ಆಯ್ತು.

ಆದ್ರೆ ಬಾಡಿದ ಬಣ್ಣಕ್ಕೆ ಫ್ರೇಮ್ ಹೊಂದಿಸೋದನ್ನ ನಾನು ಒಪ್ಪಲ್ಲ. ಆಯಿಲ್ ಟ್ಯಾಂಕೇ ಎಲ್ಲಾ ಕಡೆ ಒಂದೇ ಥರ ಬಾಡಿಲ್ಲ, ಯಾವ ಭಾಗಕ್ಕೆ ಹೊಂದಿಸ್ತೀರಿ? ಮೇಲಾಗಿ ಆ ಕಂದು ಬಣ್ಣ ಯಾವತ್ತೂ ಯಾವ ಡಬ್ಬಿಯಲ್ಲೂ ಇರ್ಲಿಲ್ಲ, ಬಿಸಿಲು ಆಯಿಲ್ಲು ಸೇರಿ ಮಾಡಿದ್ದು. ನೀವು ಹೊಡೆಸೋ ಹೊಸ ಪೇಂಟೂ ಮುಂದೆ ತನ್ನ ಪಾಡಿಗೆ ಸ್ವಲ್ಪ ಬಾಡತ್ತೆ, ಆಗ ಅದು ಎರಡರ ಜೊತೆಗೂ ಸೇರಲ್ಲ. ಪಟ್ಟಿ ಕೆಳಗಿನ ಬಣ್ಣಕ್ಕೆ ಹೊಂದಿಸಿ. ವ್ಯತ್ಯಾಸ ಕಾಣತ್ತೆ, ಕಾಣಲಿ ಬಿಡಿ, ಯಾವುದು ಮೆರಿಡನ್ ಬಣ್ಣ ಯಾವುದು ನೀವು ಹೊಡೆಸಿದ್ದು ಅಂತ ನೋಡಿದವರಿಗೆ ನೇರವಾಗಿ ಗೊತ್ತಾಗತ್ತೆ. ತೀರಾ ಕಣ್ಣಿಗೆ ಹೊಡೆದ್ರೆ ಫ್ರೇಮ್ ಬಣ್ಣ ಪೂರ್ತಿ ಗಟ್ಟಿ ಆದ ಮೇಲೆ 3000 ನಂಬರ್ ಪ್ಯಾಡಲ್ಲಿ ಹೊಳಪು ಒಂದು ಮೆಟ್ಟಿಲು ಇಳಿಸಬಹುದು.

ರಿಮ್ ಬಗ್ಗೆ ಹೇಳೋದು ಉಳಿದಿತ್ತು. ಕ್ರೋಮ್ ರಿಮ್ಮಿನ ನಡುವೆ ಕೆಂಪು ಪಟ್ಟಿ, ಎರಡೂ ಅಂಚಿಗೆ ಚಿನ್ನದ ಗೆರೆ ಬರಬೇಕು. ಕ್ರೋಮ್ ಮೇಲೆ ಬಣ್ಣ ನಿಲ್ಲಲ್ಲ, ಆ ಪಟ್ಟಿಯಷ್ಟು ಅಗಲ ಮಾತ್ರ ಮಾಸ್ಕ್ ಮಾಡಿ ಉಜ್ಜಿ ಎಚ್ ಪ್ರೈಮರ್ (ಲೋಹವನ್ನ ಕಚ್ಚಿ ಹಿಡಿಯೋ ಪ್ರೈಮರ್) ಹಾಕಿ ಆಮೇಲೆ ಕೆಂಪು. ಸ್ಪೋಕ್ ಕಟ್ಟೋಕೆ ಮುಂಚೆ ಇದೆಲ್ಲ ಮುಗೀಬೇಕು. ಗೆರೆ ಎಳೆಯೋಕೆ ಟೇಪ್ ಹಚ್ಚಬೇಡಿ. ರಿಮ್ಮನ್ನ ತಿರುಗೋ ಸ್ಟ್ಯಾಂಡ್ ಮೇಲೆ ಕೂರಿಸಿ, ಉದ್ದ ಕೂದಲಿನ ಲೈನಿಂಗ್ ಬ್ರಷ್ ಹಿಡಿದ ಕೈಯನ್ನ ಒಂದು ಕಡೆ ಊರಿ ಕದಲಿಸದೆ ಇಟ್ಟು, ಇನ್ನೊಬ್ಬರು ರಿಮ್ ನಿಧಾನಕ್ಕೆ ತಿರುಗಿಸಬೇಕು. ಗೆರೆ ಶುರು ಆದ ಜಾಗಕ್ಕೆ ವಾಪಸ್ ಬಂದಾಗ ಬ್ರಷ್ ಮೆಲ್ಲಗೆ ಎತ್ತಿ, ಅಲ್ಲಿ ಒಂದು ಸಣ್ಣ ಸೇರುವಿಕೆ ಕಾಣತ್ತೆ, ಫ್ಯಾಕ್ಟರಿ ರಿಮ್ಮಲ್ಲೂ ಇರತ್ತೆ ಅದು. ಟೇಪ್ ಗೆರೆಗೆ ಬ್ಲೇಡಲ್ಲಿ ಕೊಯ್ದ ಅಂಚು ಬರತ್ತೆ, ಕೈ ಗೆರೆ ಉಸಿರಾಡೋ ಥರ ಸ್ವಲ್ಪ ದಪ್ಪ ಸ್ವಲ್ಪ ತೆಳ್ಳಗೆ ಇರತ್ತೆ. ಮೊದಲು ಹಳೇ ರಿಮ್ ಮೇಲೆ ಒಂದು ಇಪ್ಪತ್ತು ಸಲ ಎಳೆದು ಒರೆಸಿ ಎಳೆದು ಒರೆಸಿ ಕೈ ಕೂರಿಸಿಕೊಳ್ಳಿ.

ಸ್ಪ್ರಂಗ್ ಹಬ್ ಅಂದ್ರಿ ಅಲ್ವಾ, ಅದನ್ನ ಬಣ್ಣಕ್ಕೋಸ್ಕರ ಬಿಚ್ಚೋಕೆ ಹೋಗಬೇಡಿ. ಒಳಗಿನ ಸ್ಪ್ರಿಂಗ್ ಬಾಕ್ಸಲ್ಲಿ ಭಾರೀ ಒತ್ತಡ ಇರತ್ತೆ, ಅದಕ್ಕೆ ಅಂತಾನೇ ಇರೋ ಟೂಲ್ ಇಲ್ದೆ ಬಿಚ್ಚಿದ್ರೆ ಹಾರಿ ಬರತ್ತೆ. ಗೊತ್ತಿರೋರ ಹತ್ರಾನೇ ಕೊಡಿ.

ಟ್ವಿನ್‌ಪ್ರಿಯ

ಸರಿ, ತೀರ್ಮಾನ ಆಯ್ತು. ಆಯಿಲ್ ಟ್ಯಾಂಕು ಟೂಲ್‌ಬಾಕ್ಸು ಹಾಗೇ, ಮೇಣ ಮಾತ್ರ. ಫ್ರೇಮು ಮಡ್‌ಗಾರ್ಡು ಫೋರ್ಕು ನೆಸೆಲ್ಲು ಪಟ್ಟಿ ಕೆಳಗಿನ ಕೆಂಪಿಗೆ. ಎಂ20 ಸವಾರ ಅವರೇ, ನಿಮ್ಮ ಮಾತು ಕೇಳಿದ್ದಕ್ಕೇ ಇವತ್ತು ಪೌಡರ್ ಕೋಟ್ ತೆಗೆಯೋರಿಗೆ ಫೋನ್ ಮಾಡಿ ಫ್ರೇಮ್ ಬುಕಿಂಗ್ ಒಂದು ತಿಂಗಳು ಮುಂದಕ್ಕೆ ಹಾಕ್ಸಿದೆ, ಅಷ್ಟರಲ್ಲಿ ಪ್ರತಿ ಲಗ್ಗಿನ ಸಂದಿ ನೋಡಿ ಫೋಟೋ ತೆಗೀತೀನಿ, ಫ್ರೇಮ್ ನಂಬರ್ ಜಾಗಕ್ಕೆ ಬ್ಲಾಸ್ಟ್ ತಾಗದ ಹಾಗೆ ದಪ್ಪ ರಬ್ಬರ್ ಕಟ್ಟಿ ಕಳಿಸ್ತೀನಿ. ಕ್ಲಬ್ಬಿಗೆ ಎಂಜಿನ್ ನಂಬರ್ ಹಾಕಿ ಪತ್ರಾನೂ ಹೋಯ್ತು. ಸ್ಟೇನ್‌ಲೆಸ್ ಬೋಲ್ಟೆಲ್ಲ ತೆಗೆದು ಡಬ್ಬಿಗೆ ಹಾಕಿದೆ, ಹಳೇ ಬೋಲ್ಟು ಹುಡುಕ್ತಿದೀನಿ, ತಲೆ ಮೇಲೆ ಉಬ್ಬಿದ ಅಕ್ಷರ ಇರೋಂಥವು.

ಪೇಂಟ್ ಕಲಸಿಸಿ ನಾಲ್ಕು ತಗಡಿಗೆ ಹೊಡೆಸಿದೀನಿ, ಎರಡು ಬೂದು ಪ್ರೈಮರ್ ಮೇಲೆ ಎರಡು ಕೆಂಪು ಪ್ರೈಮರ್ ಮೇಲೆ. ಪಟ್ಟಿ ಪಕ್ಕ ಹಿಡಿದು ನೋಡಿದೆ, ಬಲ್ಬ್ ಬೆಳಕಲ್ಲಿ ನಾಲ್ಕೂ ಸರಿ ಅನ್ಸಿತ್ತು, ಬೆಳಗ್ಗೆ ಹೊರಗೆ ತಂದ್ರೆ ಕೆಂಪು ಪ್ರೈಮರಿನವು ಎರಡೂ ಕಿತ್ತಳೆ ಕಡೆ ಹೋದ್ವು, ಬೂದಿನದು ಒಂದು ಪಟ್ಟಿ ಕೆಳಗಿನ ಬಣ್ಣದಲ್ಲಿ ಹಾಗೇ ಕರಗಿ ಹೋಯ್ತು, ಅಂಚು ಎಲ್ಲಿದೆ ಅಂತ ಬೆರಳಲ್ಲಿ ಮುಟ್ಟಿ ಹುಡುಕಬೇಕಾಯ್ತು. ಆ ತಗಡಿನ ಹಿಂದೆ ತಾರೀಖು ಮತ್ತೆ ಪ್ರೈಮರ್ ಹೆಸರು ಬರೆದು ಅರ್ಧ ಭಾಗಕ್ಕೆ ಟೇಪ್ ಸುತ್ತಿ ದಕ್ಷಿಣದ ಕಿಟಕಿಗೆ ನೇತು ಹಾಕಿದೀನಿ, ಬಿಸಿಲಿಗೆ ಏನಾಗತ್ತೆ ಅಂತ ನೋಡೋಕೆ. ಬುಕಿಂಗ್ ದಿನ ಟೇಪ್ ತೆಗೆದು ಫೋಟೋ ಹಾಕ್ತೀನಿ.

1949ರ ಸ್ಪೀಡ್ ಟ್ವಿನ್ ಇಟ್ಕೊಂಡು ಟ್ಯಾಂಕ್ ಹುಡುಕ್ತಿರೋರು ಯಾರಾದ್ರೂ ಇದ್ರೆ ಇಲ್ಲೇ ಬರೀರಿ, ನನಗೆ ನಾಲ್ಕು ಗೆರೆ ಬ್ಯಾಡ್ಜಿನ ಟ್ಯಾಂಕ್ ಬೇಕು, ಬಣ್ಣ ಹೋಗಿದ್ರೂ ನಡೆಯತ್ತೆ.